1965ರ ಎಎಫ್‌ಎಲ್ ಆಲ್‌ಸ್ಟಾರ್ ಪಂದ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಪಂದ್ಯ? ಮೊದಲು ಮುಖ್ಯ ವಿವರ ಹೇಳಿಬಿಡಿ.

ದಿನ: 1965ರ ಜನವರಿ 16, ಶನಿವಾರ. ಜಾಗ: ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ಜೆಪ್ಪೆಸನ್ ಸ್ಟೇಡಿಯಂ. ಫಲಿತಾಂಶ: ಪಶ್ಚಿಮ ವಿಭಾಗ 38, ಪೂರ್ವ ವಿಭಾಗ 14. ಬಂದ ಪ್ರೇಕ್ಷಕರು 15,446. ಅಮೆರಿಕನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, ತನ್ನ ಸೀಸನ್ ಮುಗಿದ ಮೇಲೆ ನಡೆಸುತ್ತಿದ್ದ ವಾರ್ಷಿಕ ತಾರಾ ಪಂದ್ಯವಿದು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ.

ಇಷ್ಟೇ ಆಗಿದ್ದರೆ ಇದನ್ನು ಇಂದು ಯಾರೂ ಕೇಳುತ್ತಿರಲಿಲ್ಲ. ಪಂದ್ಯ ನಡೆಯಬೇಕಿದ್ದದ್ದು ಹ್ಯೂಸ್ಟನ್‌ನಲ್ಲಲ್ಲ, ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನ ಟುಲೇನ್ ಸ್ಟೇಡಿಯಂನಲ್ಲಿ. ಆಯ್ಕೆಯಾಗಿದ್ದ 21 ಕಪ್ಪು ಆಟಗಾರರು ಆ ಊರಿನಲ್ಲಿ ತಮ್ಮನ್ನು ನಡೆಸಿಕೊಂಡ ರೀತಿ ಕಂಡು, ಇಲ್ಲಿ ಆಡುವುದಿಲ್ಲವೆಂದು ಹೊರಟುಬಿಟ್ಟರು. ಲೀಗ್ ಆಟಗಾರರನ್ನು ಬದಲಿಸಲಿಲ್ಲ, ಊರನ್ನೇ ಬದಲಿಸಿತು. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಆಟಗಾರರು ಒಟ್ಟಾಗಿ ನಿಂತು ಒಂದು ನಗರದಿಂದ ದೊಡ್ಡ ಪಂದ್ಯವನ್ನು ಕಿತ್ತುಕೊಂಡ ಪ್ರಕರಣ ಎಂದೇ ಇದನ್ನು ಓದಬೇಕು. 38–14 ಅದರ ಕೊನೆಯ ಸಾಲು ಮಾತ್ರ.

ಎಎಫ್‌ಎಲ್ ಮತ್ತು ಎನ್‌ಎಫ್‌ಎಲ್ ಒಂದೇ ಅಲ್ಲವೇ?

ಆಗ ಅಲ್ಲ. ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್, ಹಳೆಯ, ಶ್ರೀಮಂತ ಲೀಗ್. ಎಎಫ್‌ಎಲ್ 1960ರಲ್ಲಿ ಎಂಟು ತಂಡಗಳೊಂದಿಗೆ ಅದಕ್ಕೆ ಎದುರಾಗಿ ಕಣಕ್ಕಿಳಿದ ಹೊಸಬ. 1964ರ ಸೀಸನ್‌ನಲ್ಲಿ ಪೂರ್ವದಲ್ಲಿ ಬಾಸ್ಟನ್ ಪೇಟ್ರಿಯಟ್ಸ್, ಬಫಲೋ ಬಿಲ್ಸ್, ಹ್ಯೂಸ್ಟನ್ ಓಯ್ಲರ್ಸ್, ನ್ಯೂಯಾರ್ಕ್ ಜೆಟ್ಸ್. ಪಶ್ಚಿಮದಲ್ಲಿ ಡೆನ್ವರ್ ಬ್ರಾಂಕೋಸ್, ಕಾನ್ಸಸ್ ಸಿಟಿ ಚೀಫ್ಸ್, ಓಕ್‌ಲ್ಯಾಂಡ್ ರೈಡರ್ಸ್, ಸ್ಯಾನ್ ಡಿಯಾಗೋ ಚಾರ್ಜರ್ಸ್. ಆಲ್‌ಸ್ಟಾರ್ ಪಂದ್ಯಕ್ಕೆ ಈ ಎರಡು ವಿಭಾಗಗಳಿಂದ ಒಂದೊಂದು ತಂಡ ಕಟ್ಟುತ್ತಿದ್ದರು. ನಮ್ಮ ದುಲೀಪ್ ಟ್ರೋಫಿಯ ವಲಯ ತಂಡಗಳನ್ನು ನೆನೆದರೆ ಅರ್ಥವಾಗುತ್ತದೆ: ವರ್ಷವಿಡೀ ಎದುರಾಳಿಗಳಾಗಿದ್ದವರು ಒಂದು ವಾರ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ. ತರಬೇತುದಾರರು ಆ ವರ್ಷದ ಫೈನಲ್‌ಗೆ ಬಂದ ತಂಡಗಳವರು: ಪೂರ್ವಕ್ಕೆ ಬಫಲೋದ ಲೂ ಸೇಬನ್, ಪಶ್ಚಿಮಕ್ಕೆ ಸ್ಯಾನ್ ಡಿಯಾಗೋದ ಸಿಡ್ ಗಿಲ್‌ಮನ್.

ಎನ್‌ಎಫ್‌ಎಲ್‌ನ ತಾರಾ ಪಂದ್ಯ ಪ್ರೊ ಬೌಲ್, ಅದೇ ಜನವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ಬೇರೆಯಾಗಿಯೇ ನಡೆಯಿತು. ಅಲ್ಲಿಯೂ ಗೆದ್ದದ್ದು ಪಶ್ಚಿಮವೇ, ಸ್ಕೋರು 34–14. ಎರಡರ ಸ್ಕೋರು, ತಿಂಗಳು ಹತ್ತಿರ ಇರುವುದರಿಂದ ಅನೇಕ ಬರಹಗಳಲ್ಲಿ ಇವು ಕಲಸಿಹೋಗಿವೆ. ಲೀಗ್‌ಗಳ ವಿಲೀನ ಘೋಷಣೆಯಾದದ್ದು 1966ರ ಜೂನ್‌ನಲ್ಲಿ, ಪೂರ್ತಿಯಾದದ್ದು 1970ರಲ್ಲಿ.

ನ್ಯೂ ಆರ್ಲಿಯನ್ಸ್ ಅನ್ನೇ ಆರಿಸಿದ್ದೇಕೆ?

ಎರಡು ಕಡೆಯವರಿಗೂ ಲಾಭದ ಲೆಕ್ಕವಿತ್ತು. ನ್ಯೂ ಆರ್ಲಿಯನ್ಸ್‌ಗೆ ಸ್ವಂತ ವೃತ್ತಿಪರ ತಂಡ ಬೇಕಿತ್ತು. ಅದರ ಹಿಂದೆ ಓಡಾಡುತ್ತಿದ್ದವರು ಡೇವ್ ಡಿಕ್ಸನ್ ಎಂಬ ಸ್ಥಳೀಯ ಉದ್ಯಮಿ. ಎಎಫ್‌ಎಲ್‌ಗೆ ವಿಸ್ತರಿಸಲು ಹೊಸ ಊರುಗಳು ಬೇಕಿದ್ದವು, ದೊಡ್ಡ ಸ್ಟೇಡಿಯಂ ಬೇಕಿತ್ತು. ಆಲ್‌ಸ್ಟಾರ್ ಪಂದ್ಯ ಒಂದು ರೀತಿಯ ಹೆಣ್ಣು ನೋಡುವ ಶಾಸ್ತ್ರವಾಗಬೇಕಿತ್ತು.

ಕಾನೂನಿನ ಮಟ್ಟದಲ್ಲಿ ಅಡ್ಡಿಯೂ ಇರಲಿಲ್ಲ. ಹೋಟೆಲು, ಊಟದ ಮನೆ, ಮನರಂಜನೆಯ ಜಾಗಗಳಲ್ಲಿ ವರ್ಣಭೇದ ಮಾಡಬಾರದೆಂಬ ನಾಗರಿಕ ಹಕ್ಕುಗಳ ಕಾಯ್ದೆಗೆ 1964ರ ಜುಲೈ 2ರಂದು ಸಹಿ ಬಿದ್ದಿತ್ತು. ಪಂದ್ಯಕ್ಕೆ ಎರಡು ವಾರ ಮೊದಲು, ಜನವರಿ 1ರಂದು, ಅದೇ ಟುಲೇನ್ ಸ್ಟೇಡಿಯಂನ ಶುಗರ್ ಬೌಲ್ ಕಾಲೇಜು ಪಂದ್ಯದಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪರ ಜಿಮ್ ನ್ಯಾನ್ಸ್, ಫ್ಲಾಯ್ಡ್ ಲಿಟಲ್ ಎಂಬ ಕಪ್ಪು ಆಟಗಾರರು ಆಡಿದ್ದರು. ಆದ್ದರಿಂದ ಊರು ಸಿದ್ಧವಾಗಿದೆ, ತೊಂದರೆಯಾಗದು ಎಂಬ ಭರವಸೆಯನ್ನು ಎಎಫ್‌ಎಲ್ ನಂಬಿತು. ಮೈದಾನದೊಳಗಿನ ಬದಲಾವಣೆ ಮೈದಾನದ ಹೊರಗೂ ಆಗಿದೆ ಎಂದು ಊಹಿಸಿದ್ದು ಲೀಗ್ ಮಾಡಿದ ತಪ್ಪು ಲೆಕ್ಕ.

ನ್ಯೂ ಆರ್ಲಿಯನ್ಸ್‌ನಲ್ಲಿ ಆಟಗಾರರಿಗೆ ನಿಜವಾಗಿ ಆದದ್ದೇನು?

ವಾರಾಂತ್ಯದಲ್ಲಿ ಆಟಗಾರರು ಬೇರೆ ಬೇರೆ ವಿಮಾನಗಳಲ್ಲಿ ಬಂದಿಳಿದರು. ತೊಂದರೆ ಶುರುವಾದದ್ದು ಟ್ಯಾಕ್ಸಿಯಿಂದ. ಬಿಳಿಯರ ಟ್ಯಾಕ್ಸಿಗಳು ಕಪ್ಪು ಆಟಗಾರರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಕೆಲವರು ಬಹಳ ಹೊತ್ತು ಕಾದು ನಿಲ್ಲಬೇಕಾಯಿತು. ರಾತ್ರಿ ಊರು ನೋಡಲು ಫ್ರೆಂಚ್ ಕ್ವಾರ್ಟರ್ ಕಡೆ ಹೋದವರಿಗೆ ಬೂರ್ಬನ್ ಬೀದಿಯ ಕ್ಲಬ್ಬುಗಳ ಬಾಗಿಲಲ್ಲೇ ತಡೆ. ಬೈಗುಳಕ್ಕೆ ಕೊರತೆಯಿರಲಿಲ್ಲ. ಒಂದು ಕಡೆ ಪಿಸ್ತೂಲನ್ನೇ ತೋರಿಸಿದರು.

ಇಲ್ಲೊಂದು ವಿವರ ಗಮನಿಸಬೇಕು. ಬಾಗಿಲಲ್ಲಿ ತಡೆಯಲ್ಪಟ್ಟವರಲ್ಲಿ ಸ್ಯಾನ್ ಡಿಯಾಗೋದ ಅರ್ನಿ ಲ್ಯಾಡ್ ಇದ್ದರು. ಆರು ಅಡಿ ಒಂಬತ್ತು ಇಂಚಿನ ಈ ಆಟಗಾರ ಹುಟ್ಟಿದ್ದೇ ಲೂಸಿಯಾನದಲ್ಲಿ, ಓದಿದ್ದೂ ಅದೇ ರಾಜ್ಯದ ಗ್ರ್ಯಾಂಬ್ಲಿಂಗ್ ಕಾಲೇಜಿನಲ್ಲಿ. ಹಾಗಾಗಿ ದಕ್ಷಿಣದ ರೀತಿ ಗೊತ್ತಿಲ್ಲದೆ ಹೊರಗಿನವರು ಗಾಬರಿಯಾದರು ಎಂಬ ವಾದ ನಿಲ್ಲುವುದಿಲ್ಲ.

ಬಹಿಷ್ಕಾರದ ತೀರ್ಮಾನ ಹೇಗೆ ಆಯಿತು?

ಜನವರಿ 10, ಭಾನುವಾರ. ಮೊದಲು ಎಲ್ಲರೂ ತಮತಮಗೆ ಆದದ್ದನ್ನು ಹೇಳಿಕೊಂಡರು. ಇದು ಒಬ್ಬಿಬ್ಬರ ಅನುಭವವಲ್ಲ ಎಂದು ಆಗ ಖಚಿತವಾಯಿತು. ನಂತರ ಕಪ್ಪು ಆಟಗಾರರು ರೂಸ್‌ವೆಲ್ಟ್ ಹೋಟೆಲಿನಲ್ಲಿ ಸಭೆ ಸೇರಿದರು. ಡಿಕ್ಸನ್ ಬಂದು ಉಳಿಯುವಂತೆ ಕೇಳಿಕೊಂಡರು. ಸಭೆಯೊಳಗೂ ಎರಡು ಅಭಿಪ್ರಾಯಗಳಿದ್ದವು: ಇದ್ದು ಆಡಿ ತೋರಿಸೋಣ ಎನ್ನುವವರು, ಹೊರಡೋಣ ಎನ್ನುವವರು. ಕೊನೆಗೆ ಮತ ಹಾಕಿ ಹೊರಡುವುದೆಂದು ನಿರ್ಧರಿಸಿದರು; ಸೋತ ಪಕ್ಷದವರೂ ಬಹುಮತದ ಜೊತೆ ನಿಂತರು. ಬಫಲೋದ ಅರ್ನಿ ವಾರ್ಲಿಕ್ ಎಲ್ಲರ ಪರವಾಗಿ ಪತ್ರಕರ್ತರಿಗೆ ಹೇಳಿಕೆ ಕೊಟ್ಟರು. ಮರುದಿನ, ಜನವರಿ 11ರಂದು, ಲೀಗ್ ಕಮಿಷನರ್ ಜೋ ಫಾಸ್ ಪಂದ್ಯವನ್ನು ಹ್ಯೂಸ್ಟನ್‌ಗೆ ಸ್ಥಳಾಂತರಿಸಿರುವುದಾಗಿ ಪ್ರಕಟಿಸಿದರು.

ಆ ಕ್ರಮ ನೋಡಿ: ಮೊದಲು ಮಾಹಿತಿ, ಆಮೇಲೆ ಸಭೆ, ಆಮೇಲೆ ಮತ, ಆಮೇಲೆ ಒಬ್ಬನೇ ವಕ್ತಾರ. ಸಿಟ್ಟಿನಲ್ಲಿ ಎದ್ದುಹೋದದ್ದು ಎಂದು ಬರೆಯುವವರು ಈ ಕ್ರಮವನ್ನು ನೋಡಿಲ್ಲ.

ಆ 21 ಮಂದಿ ಯಾರು?

ಪೂರ್ವ ವಿಭಾಗದಿಂದ ಒಂಬತ್ತು ಮಂದಿ. ಬಾಸ್ಟನ್: ಹ್ಯೂಸ್ಟನ್ ಆಂಟ್ವೈನ್, ಲ್ಯಾರಿ ಗ್ಯಾರನ್. ಬಫಲೋ: ಕುಕಿ ಗಿಲ್‌ಕ್ರಿಸ್ಟ್, ಅರ್ನಿ ವಾರ್ಲಿಕ್, ಎಲ್ಬರ್ಟ್ ಡುಬೇನಿಯನ್, ಬುಚ್ ಬರ್ಡ್. ನ್ಯೂಯಾರ್ಕ್: ವಿನ್‌ಸ್ಟನ್ ಹಿಲ್, ಶೆರ್ಮನ್ ಪ್ಲಂಕೆಟ್. ಹ್ಯೂಸ್ಟನ್: ಸಿಡ್ ಬ್ಲ್ಯಾಂಕ್ಸ್.

ಪಶ್ಚಿಮದಿಂದ ಹನ್ನೆರಡು. ಕಾನ್ಸಸ್ ಸಿಟಿ: ಬಾಬಿ ಬೆಲ್, ಬಕ್ ಬುಕ್ಯಾನನ್, ಆಬ್ನರ್ ಹೇನ್ಸ್, ಮ್ಯಾಕ್ ಲೀ ಹಿಲ್, ಡೇವ್ ಗ್ರೇಸನ್. ಸ್ಯಾನ್ ಡಿಯಾಗೋ: ಅರ್ನಿ ಲ್ಯಾಡ್, ಅರ್ಲ್ ಫೇಸನ್, ಡಿಕ್ ವೆಸ್ಟ್‌ಮೋರ್‌ಲ್ಯಾಂಡ್, ಫ್ರ್ಯಾಂಕ್ ಬಂಕಮ್. ಓಕ್‌ಲ್ಯಾಂಡ್: ಆರ್ಟ್ ಪೊವೆಲ್, ಕ್ಲೆಮ್ ಡೇನಿಯಲ್ಸ್. ಡೆನ್ವರ್: ವಿಲಿ ಬ್ರೌನ್.

ಇವರಲ್ಲಿ ಬೆಲ್, ಬ್ರೌನ್, ಬುಕ್ಯಾನನ್, ವಿನ್‌ಸ್ಟನ್ ಹಿಲ್ ಮುಂದೆ ವೃತ್ತಿಪರ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಹಿಲ್ ಅವರ ಸರದಿ ಬಂದದ್ದು 2020ರಲ್ಲಿ. ಎರಡು ಬಾರಿ ಬರುವ ಹಿಲ್ ಎಂಬ ಹೆಸರು, ಊರೂ ಆಟಗಾರನೂ ಆಗಿ ಬರುವ ಹ್ಯೂಸ್ಟನ್ ಎಂಬ ಹೆಸರು, ಇವು ಪಟ್ಟಿ ನಕಲು ಮಾಡುವವರನ್ನು ಹೆಚ್ಚಾಗಿ ಎಡವಿಸುತ್ತವೆ. ಒಟ್ಟು 20 ಅಥವಾ 22 ಬಂದರೆ ಮೊದಲು ಅಲ್ಲಿ ನೋಡಿ.

ಈ ಪೈಕಿ ಆರ್ಟ್ ಪೊವೆಲ್ ಅವರಿಗೆ ಇದು ಹೊಸದಾಗಿರಲಿಲ್ಲ. 1963ರಲ್ಲಿ ಅಲಬಾಮದ ಮೊಬೀಲ್‌ನಲ್ಲಿ ನಿಗದಿಯಾಗಿದ್ದ ಓಕ್‌ಲ್ಯಾಂಡ್‌ನ ಪ್ರದರ್ಶನ ಪಂದ್ಯವನ್ನು, ಪ್ರೇಕ್ಷಕರನ್ನು ಬಣ್ಣ ನೋಡಿ ಕೂರಿಸುತ್ತಾರೆಂಬ ಕಾರಣಕ್ಕೆ, ಅವರೂ ಸಂಗಡಿಗರೂ ಆಡಲು ಒಪ್ಪದೆ ಬೇರೆಡೆಗೆ ಸಾಗಿಸಿದ್ದರು. ನ್ಯೂ ಆರ್ಲಿಯನ್ಸ್‌ಗೆ ಒಂದು ಪೂರ್ವಾಭ್ಯಾಸವಿತ್ತು ಎನ್ನುವುದು ಇದರಿಂದಲೇ.

ಬಿಳಿ ಆಟಗಾರರು ಏನು ಮಾಡಿದರು?

ಎಲ್ಲರೂ ಒಂದೇ ಧ್ವನಿಯಲ್ಲಿ ಬೆಂಬಲಿಸಿದರು ಎನ್ನುವುದು ನಂತರ ಬೆಳೆದ ಸಿಹಿ ಕಥೆ. ದಾಖಲೆಯಲ್ಲಿ ಎದ್ದು ಕಾಣುವ ಹೆಸರುಗಳು ಎರಡು. ಸ್ಯಾನ್ ಡಿಯಾಗೋದ ರಾನ್ ಮಿಕ್ಸ್ ಮೊದಲು ಹೊರಡಬೇಡಿ ಎಂದೇ ವಾದಿಸಿದರು: ಇಲ್ಲೇ ಇದ್ದು ಪ್ರತಿಭಟಿಸಿದರೆ ಹೆಚ್ಚು ಪರಿಣಾಮ ಎಂಬುದು ಅವರ ನಿಲುವು. ಅದು ಒಪ್ಪಿಗೆಯಾಗದಿದ್ದಾಗ, ನೀವು ಆಡದಿದ್ದರೆ ನಾನೂ ಆಡುವುದಿಲ್ಲ ಎಂದರು. ಬಫಲೋದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಜ್ಯಾಕ್ ಕೆಂಪ್ ಕೂಡ ಬೆಂಬಲಕ್ಕೆ ನಿಂತರು. ಈ ಕೆಂಪ್ ಮುಂದೆ ಸಂಸದರಾಗಿ, ವಸತಿ ಖಾತೆಯ ಸಚಿವರಾಗಿ, 1996ರಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾದವರು.

ಬಹಿಷ್ಕಾರ ಗೆದ್ದದ್ದೇಕೆ? ಬೇರೆ ಕಡೆ ಇಂಥವು ಸೋತಿದ್ದವಲ್ಲ.

ನಾಲ್ಕು ಕಾರಣಗಳನ್ನು ಹೇಳಬಹುದು; ತೂಕ ಒಂದೇ ಅಲ್ಲ.

ಎಲ್ಲಕ್ಕಿಂತ ಭಾರದ್ದು, ಹೊರಟವರು ಯಾರು ಎನ್ನುವುದು. ಗಿಲ್‌ಕ್ರಿಸ್ಟ್, ಹೇನ್ಸ್, ಡೇನಿಯಲ್ಸ್, ಪೊವೆಲ್, ಲ್ಯಾಡ್, ಫೇಸನ್, ಬೆಲ್ ಇಲ್ಲದ ತಾರಾ ಪಂದ್ಯಕ್ಕೆ ತಾರೆಗಳೆಲ್ಲಿಂದ ತರುವುದು? ಒಂದೇ ತಂಡದ ಕೆಲವು ಕಪ್ಪು ಆಟಗಾರರು ಹೊರಟಿದ್ದರೆ ಅವರನ್ನು ಮಾಲೀಕ ಬದಲಿಸಬಹುದಿತ್ತು. ಎಂಟು ತಂಡಗಳ ಶ್ರೇಷ್ಠರು ಒಂದೇ ಕೋಣೆಯಲ್ಲಿ ಸೇರಿದಾಗ ಆ ದಾರಿ ಮುಚ್ಚಿತು. ಆಲ್‌ಸ್ಟಾರ್ ಪಂದ್ಯದ ಸ್ವರೂಪವೇ ಅವರಿಗೆ ಬಲ ಕೊಟ್ಟಿತು.

ಎರಡನೆಯದು ಲೀಗ್‌ನ ಸ್ಥಿತಿ. ಎನ್‌ಎಫ್‌ಎಲ್‌ನ ಜೊತೆ ಆಟಗಾರರಿಗಾಗಿ ಹರಾಜಿನಂಥ ಪೈಪೋಟಿ ನಡೆದಿತ್ತು. ಎಎಫ್‌ಎಲ್ ದಕ್ಷಿಣದ ಕಪ್ಪು ಕಾಲೇಜುಗಳಿಂದ ಹುಡುಕಿ ಹುಡುಕಿ ಆಟಗಾರರನ್ನು ತರುತ್ತಿತ್ತು. ಲ್ಯಾಡ್, ಬುಕ್ಯಾನನ್, ಬ್ರೌನ್ ಮೂವರೂ ಗ್ರ್ಯಾಂಬ್ಲಿಂಗ್‌ನವರು. ಅಂಥವರನ್ನು ಕೈಬಿಟ್ಟರೆ ಲೀಗ್ ತನ್ನ ಬುಡಕ್ಕೇ ಕೊಡಲಿ ಹಾಕಿಕೊಂಡಂತೆ.

ಮೂರನೆಯದು ಸಮಯ. ಪಂದ್ಯಕ್ಕೆ ಆರು ದಿನ ಉಳಿದಿತ್ತು: ಬೇರೆ ಊರು ಹುಡುಕಲು ಸಾಕು, ಸಂಧಾನ ಎಳೆಯಲು ಸಾಲದು. ನಾಲ್ಕನೆಯದು ಕಮಿಷನರ್ ಫಾಸ್. ಎರಡನೇ ಮಹಾಯುದ್ಧದಲ್ಲಿ 26 ಶತ್ರು ವಿಮಾನ ಉರುಳಿಸಿ ಮೆಡಲ್ ಆಫ್ ಆನರ್ ಪಡೆದ ಪೈಲಟ್, ದಕ್ಷಿಣ ಡಕೋಟದ ಮಾಜಿ ಗವರ್ನರ್. ಅವರು ಒಂದು ದಿನದೊಳಗೆ ತೀರ್ಮಾನಿಸಿದ್ದು ನಿಜ, ಶ್ಲಾಘ್ಯವೂ ಹೌದು. ಆದರೆ ಇಡೀ ಶ್ರೇಯಸ್ಸನ್ನು ಅವರಿಗೆ ಕೊಡುವ ಬರಹಗಳು ಕುದುರೆಯ ಮುಂದೆ ಗಾಡಿ ಕಟ್ಟುತ್ತವೆ.

ಹ್ಯೂಸ್ಟನ್ ಏಕೆ? ಅದೂ ದಕ್ಷಿಣದ ಊರೇ ಅಲ್ಲವೇ?

ಹೌದು, ಮತ್ತು ಈ ಪ್ರಶ್ನೆಯನ್ನು ಕೇಳಲೇಬೇಕು. ಅದೇ ಜೆಪ್ಪೆಸನ್ ಸ್ಟೇಡಿಯಂನಲ್ಲಿ ಓಯ್ಲರ್ಸ್ ತಂಡದ ಮೊದಲ ವರ್ಷಗಳಲ್ಲಿ ಕಪ್ಪು ಪ್ರೇಕ್ಷಕರಿಗೆ ಪ್ರತ್ಯೇಕ ಸೀಟುಗಳಿದ್ದವು, ಅದರ ವಿರುದ್ಧ ಊರಿನ ಕಪ್ಪು ಸಮುದಾಯ ಪ್ರತಿಭಟಿಸಿತ್ತು. ವರ್ಣಭೇದವಿಲ್ಲದ ಊರೆಂದು ಹ್ಯೂಸ್ಟನ್ ಅನ್ನು ಆರಿಸಿದರು ಎನ್ನುವುದಕ್ಕೆ ಆಧಾರವಿಲ್ಲ.

ಕಾರಣ ವ್ಯವಹಾರದ್ದು. ಐದು ದಿನದಲ್ಲಿ ಪಂದ್ಯ ನಡೆಸಲು ಮೈದಾನ, ಟಿಕೆಟ್ ಮಾರುವ ಸಿಬ್ಬಂದಿ, ಗೇಟು ಕಾಯುವವರು, ಪತ್ರಕರ್ತರ ಗ್ಯಾಲರಿ, ತರಬೇತಿಗೆ ಜಾಗ, ಹೋಟೆಲು ಎಲ್ಲವೂ ಮೊದಲೇ ಸಿದ್ಧವಿರಬೇಕು. ಎಎಫ್‌ಎಲ್ ತಂಡವಿರುವ ಊರಲ್ಲಿ ಮಾತ್ರ ಇದು ಸಾಧ್ಯ. ಹ್ಯೂಸ್ಟನ್ ಆ ಎಂಟರಲ್ಲಿ ಒಂದು, ನ್ಯೂ ಆರ್ಲಿಯನ್ಸ್‌ಗೆ ಹತ್ತಿರ, ಜನವರಿಯಲ್ಲಿ ಬಫಲೋ, ಬಾಸ್ಟನ್, ಡೆನ್ವರ್‌ಗಳಂತೆ ಹಿಮ ಬೀಳದ ಜಾಗ.

ಪಂದ್ಯ ಹ್ಯೂಸ್ಟನ್‌ನ ಚಾವಣಿಯುಳ್ಳ ಸ್ಟೇಡಿಯಂ ಆಸ್ಟ್ರೋಡೋಮ್‌ನಲ್ಲಿ ನಡೆಯಿತು ಎಂದು ಎಲ್ಲಾದರೂ ಓದಿದರೆ ನಂಬಬೇಡಿ. ಅದು ತೆರೆದದ್ದು 1965ರ ಏಪ್ರಿಲ್‌ನಲ್ಲಿ. ಆಸ್ಟ್ರೋಡೋಮ್‌ನಲ್ಲಿ ನಡೆದದ್ದು 1970ರ ಜನವರಿಯ ಕೊನೆಯ ಎಎಫ್‌ಎಲ್ ಆಲ್‌ಸ್ಟಾರ್ ಪಂದ್ಯ; ಅಲ್ಲಿ ಪಶ್ಚಿಮ 26–3ರಿಂದ ಗೆದ್ದಿತು.

15,446 ಮಂದಿ ಕಡಿಮೆಯೇ?

ಕಡಿಮೆ. 1962ರ ಜನವರಿಯಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಮೊದಲ ಎಎಫ್‌ಎಲ್ ಆಲ್‌ಸ್ಟಾರ್ ಪಂದ್ಯಕ್ಕೇ 20,973 ಮಂದಿ ಬಂದಿದ್ದರು. ಪ್ರಚಾರಕ್ಕೆ ತಿಂಗಳುಗಟ್ಟಲೆ ಸಿಗುವ ಬದಲು ಐದು ದಿನ ಸಿಕ್ಕಿತು. ಮೇಲಾಗಿ ಓಯ್ಲರ್ಸ್ ಆ ಸೀಸನ್‌ನಲ್ಲಿ 4 ಗೆದ್ದು 10 ಸೋತಿತ್ತು. ಊರಿನವರಿಗೆ ಫುಟ್‌ಬಾಲ್ ಮೇಲೆ ಅಷ್ಟೇನೂ ಪ್ರೀತಿ ಉಕ್ಕುವ ಕಾಲವಲ್ಲ. ಮರುವರ್ಷ ಅದೇ ಹ್ಯೂಸ್ಟನ್‌ನ ರೈಸ್ ಸ್ಟೇಡಿಯಂನಲ್ಲಿ ಯೋಜಿಸಿಯೇ ನಡೆಸಿದ ಪಂದ್ಯಕ್ಕೆ 35,572 ಮಂದಿ ಬಂದರು. ಊರು ಅದೇ, ಹಾಗಾಗಿ ಈ ಅಂತರಕ್ಕೆ ಮುಖ್ಯ ಕಾರಣ ಅವಸರವೇ ಎಂದು ನಾವು ತಿಳಿಯುತ್ತೇವೆ.

ಮೈದಾನದಲ್ಲಿ ಯಾರು ಮಿಂಚಿದರು?

ದಾಳಿ ವಿಭಾಗದ ಶ್ರೇಷ್ಠ ಆಟಗಾರ ಸ್ಯಾನ್ ಡಿಯಾಗೋದ ಕೀತ್ ಲಿಂಕನ್, ರಕ್ಷಣೆಯಲ್ಲಿ ಡೆನ್ವರ್‌ನ ವಿಲಿ ಬ್ರೌನ್. ಇಬ್ಬರೂ ಪಶ್ಚಿಮದವರು.

ಲಿಂಕನ್ ಆಡಿದ್ದೇ ಆಶ್ಚರ್ಯ. ಮೂರು ವಾರ ಹಿಂದೆ, ಡಿಸೆಂಬರ್ 26ರ ಫೈನಲ್‌ನಲ್ಲಿ, ಬಫಲೋದ ಮೈಕ್ ಸ್ಟ್ರ್ಯಾಟನ್ ಕೊಟ್ಟ ಹೊಡೆತಕ್ಕೆ ಅವರ ಪಕ್ಕೆಲುಬು ಮುರಿದಿತ್ತು; ಬಫಲೋ ಆ ಫೈನಲ್ ಅನ್ನು 20–7ರಿಂದ ಗೆದ್ದಿತು. ಇನ್ನು ಬ್ರೌನ್, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೇ ಬಿಟ್ಟಿದ್ದ ಹುಡುಗ. ಆರು ದಿನಗಳ ಹಿಂದೆ ನ್ಯೂ ಆರ್ಲಿಯನ್ಸ್ ಬಿಟ್ಟು ಹೊರಟವರಲ್ಲಿ ಅವರೂ ಒಬ್ಬರು.

ತಾರಾ ಪಂದ್ಯಗಳ ಆಟವನ್ನು ಸೀಸನ್‌ನ ಆಟದಂತೆ ತೂಗಬಾರದು. ಬೇರೆ ಬೇರೆ ತಂಡದವರು ಕೆಲವೇ ದಿನದಲ್ಲಿ ಒಂದೇ ತಂತ್ರ ಕಲಿಯಬೇಕು, ಆದ್ದರಿಂದ ತರಬೇತುದಾರರು ಸರಳ ನಡೆಗಳನ್ನಷ್ಟೇ ಇಟ್ಟುಕೊಳ್ಳುತ್ತಾರೆ. ರಕ್ಷಣೆಯ ಹೊಂದಾಣಿಕೆಗೆ ಹೆಚ್ಚು ಕಾಲ ಬೇಕು. ಅದೇ ಮೊದಲು ಸಡಿಲವಾಗುತ್ತದೆ. ಈ ಬಾರಿ ಆ ಕೆಲವು ದಿನಗಳಲ್ಲೂ ಪ್ರಯಾಣ ಪಾಲು ಕೇಳಿತ್ತು.

ಬಹಿಷ್ಕರಿಸಿದವರಿಗೆ ಶಿಕ್ಷೆಯಾಯಿತೇ?

ಲೀಗ್ ಅಧಿಕೃತವಾಗಿ ಯಾರನ್ನೂ ಶಿಕ್ಷಿಸಲಿಲ್ಲ. ಆದರೆ ಆಬ್ನರ್ ಹೇನ್ಸ್ ಅವರನ್ನು ಕಾನ್ಸಸ್ ಸಿಟಿ, ಗಿಲ್‌ಕ್ರಿಸ್ಟ್ ಅವರನ್ನು ಬಫಲೋ, ಇಬ್ಬರನ್ನೂ 1965ರಲ್ಲೇ ಡೆನ್ವರ್‌ಗೆ ಕೊಟ್ಟುಬಿಟ್ಟವು. ಹೇನ್ಸ್ 1960ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ; ಗಿಲ್‌ಕ್ರಿಸ್ಟ್ 1962ರಲ್ಲಿ ಎಎಫ್‌ಎಲ್‌ನಲ್ಲಿ ಮೊದಲ ಬಾರಿ ಒಂದು ಸೀಸನ್‌ನಲ್ಲಿ ಚೆಂಡು ಹಿಡಿದು ಸಾವಿರ ಗಜ ಓಡಿದವರು. ಇಂಥವರನ್ನು ಕಳಿಸಿದ್ದು ಅನುಮಾನ ಹುಟ್ಟಿಸುವುದು ಸಹಜ. ಗಿಲ್‌ಕ್ರಿಸ್ಟ್ ವಿಷಯದಲ್ಲಿ ಎಚ್ಚರ ಬೇಕು: 1964ರ ನವೆಂಬರ್‌ನಲ್ಲೇ ತರಬೇತುದಾರ ಸೇಬನ್ ಜೊತೆ ಅವರಿಗೆ ಜೋರು ಜಟಾಪಟಿಯಾಗಿತ್ತು, ಬಹಿಷ್ಕಾರ ಇರದಿದ್ದರೂ ಅವರು ಉಳಿಯುತ್ತಿದ್ದದ್ದು ಕಷ್ಟ. ಹೇನ್ಸ್ ವಿಷಯದಲ್ಲಿ ಅಂಥ ಸುಲಭ ವಿವರಣೆ ಸಿಗುವುದಿಲ್ಲ.

ನ್ಯೂ ಆರ್ಲಿಯನ್ಸ್‌ಗೆ ಏನಾಯಿತು? ಅದಕ್ಕೆ ತಂಡ ಸಿಕ್ಕಿತಲ್ಲ?

ಸಿಕ್ಕಿತು, ಎಎಫ್‌ಎಲ್‌ನಿಂದ ಅಲ್ಲ. ಎಎಫ್‌ಎಲ್ ತನ್ನ ಒಂಬತ್ತನೇ ತಂಡವನ್ನು 1965ರ ಆಗಸ್ಟ್‌ನಲ್ಲಿ ಮಯಾಮಿಗೆ ಕೊಟ್ಟಿತು. ನ್ಯೂ ಆರ್ಲಿಯನ್ಸ್‌ಗೆ ಎನ್‌ಎಫ್‌ಎಲ್ ತಂಡ ಘೋಷಣೆಯಾದದ್ದು 1966ರ ನವೆಂಬರ್ 1ರಂದು, ಮೊದಲ ಪಂದ್ಯಗಳು 1967ರಲ್ಲಿ. ಅದರ ಹಿಂದೆ ರಾಜಕೀಯ ವಿನಿಮಯವಿತ್ತು: ಎರಡು ಲೀಗ್‌ಗಳ ವಿಲೀನಕ್ಕೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಬೇಕಿತ್ತು, ಅದನ್ನು ಸಂಸತ್ತಿನಲ್ಲಿ ದಾಟಿಸಿದವರಲ್ಲಿ ಲೂಸಿಯಾನದ ಹೇಲ್ ಬಾಗ್ಸ್, ರಸೆಲ್ ಲಾಂಗ್ ಪ್ರಮುಖರು.

ಫಾಸ್ ಅವರ ಪ್ರಕಟಣೆಯಾಗಿ ಸರಿಯಾಗಿ ಐದು ವರ್ಷಕ್ಕೆ, 1970ರ ಜನವರಿ 11ರಂದು, ಅದೇ ಟುಲೇನ್ ಸ್ಟೇಡಿಯಂನಲ್ಲಿ ನಾಲ್ಕನೇ ಸೂಪರ್ ಬೌಲ್, ಅಂದರೆ ಎರಡು ಲೀಗ್‌ಗಳ ಚಾಂಪಿಯನ್ನರ ನಡುವಿನ ಪಂದ್ಯ, ನಡೆಯಿತು. ಮಿನೆಸೋಟ ವೈಕಿಂಗ್ಸ್ ಅನ್ನು 23–7ರಿಂದ ಸೋಲಿಸಿದ ಕಾನ್ಸಸ್ ಸಿಟಿ ತಂಡದಲ್ಲಿ ಬಾಬಿ ಬೆಲ್, ಬಕ್ ಬುಕ್ಯಾನನ್ ಇದ್ದರು.

ಜೋ ನೇಮತ್ ಈ ಪಂದ್ಯದಲ್ಲಿ ಆಡಿದ್ದರೇ?

ಇಲ್ಲ. ಮುಂದೆ ಎಎಫ್‌ಎಲ್‌ನ ದೊಡ್ಡ ತಾರೆಯಾದ ಅವರು ನ್ಯೂಯಾರ್ಕ್ ಜೆಟ್ಸ್‌ಗೆ ಸಹಿ ಹಾಕಿದ್ದೇ ಆ ಜನವರಿಯ ಮೊದಲ ವಾರ. ಆಡಿದ್ದು 1966ರ ಪಂದ್ಯದಲ್ಲಿ, ಆಗ ರೂಪವೂ ಬೇರೆಯಾಗಿತ್ತು: ಚಾಂಪಿಯನ್ ಬಫಲೋ ಒಂದು ಕಡೆ, ಉಳಿದ ತಂಡಗಳ ತಾರೆಯರು ಇನ್ನೊಂದು ಕಡೆ. ತಾರೆಯರು 30–19ರಿಂದ ಗೆದ್ದರು.

ಹಳೆಯ ಪತ್ರಿಕೆ, ಅಂಕಿಅಂಶ, ಟಿಕೆಟ್ ಹುಡುಕುವಾಗ ಏನು ನೋಡಬೇಕು?

ಮೊದಲು ವರ್ಷ. ಪಂದ್ಯ 1965ರ ಜನವರಿಯದು, ಸೀಸನ್ 1964ರದು. ಕೆಲವು ಸಂಗ್ರಹಗಳು ಸೀಸನ್ ವರ್ಷದಡಿ ಇಡುತ್ತವೆ, ಕೆಲವು ಆಡಿದ ವರ್ಷದಡಿ. ಸಿಗದಿದ್ದರೆ ಎರಡರಲ್ಲೂ ನೋಡಿ. 38–14 ಎಂಬ ಸ್ಕೋರು ಇದ್ದರೆ ಸರಿಯಾದದ್ದು ಸಿಕ್ಕಿದೆ. ಪತ್ರಿಕೆಗಳಲ್ಲಿ ಜನವರಿ 11ರಿಂದ 17ರವರೆಗಿನ ಸಂಚಿಕೆಗಳು ಸಾಕು, ಮತ್ತು ಕ್ರೀಡಾ ಪುಟ ಮಾತ್ರ ತೆರೆಯಬೇಡಿ: 11, 12ರ ಸುದ್ದಿ ಮುಖಪುಟದಲ್ಲೂ ಇರಬಹುದು. ನ್ಯೂ ಆರ್ಲಿಯನ್ಸ್, ಹ್ಯೂಸ್ಟನ್, ಬಫಲೋ, ಸ್ಯಾನ್ ಡಿಯಾಗೋ ಪತ್ರಿಕೆಗಳನ್ನು ಒಟ್ಟಿಗೆ ಇಟ್ಟು ಓದಿ. ಒಂದೇ ಊರಿನದನ್ನು ಓದಿದರೆ ಆ ಊರಿನ ಸಮರ್ಥನೆಯಷ್ಟೇ ಸಿಗುತ್ತದೆ.

ಮಾರಾಟಕ್ಕಿರುವ ಟಿಕೆಟ್ ಮೇಲೆ ಟುಲೇನ್ ಸ್ಟೇಡಿಯಂ ಎಂದಿದ್ದರೆ ಅದು ಆಡದ ಪಂದ್ಯದ್ದು. ರೈಸ್ ಸ್ಟೇಡಿಯಂ ಎಂದಿದ್ದರೆ ಮರುವರ್ಷದ್ದು.

ಆ ಜಾಗಗಳು ಈಗ ಇವೆಯೇ?

ರೂಸ್‌ವೆಲ್ಟ್ ಹೋಟೆಲ್ ನ್ಯೂ ಆರ್ಲಿಯನ್ಸ್‌ನಲ್ಲಿ ಇನ್ನೂ ಇದೆ. ಟುಲೇನ್ ಸ್ಟೇಡಿಯಂ ಅನ್ನು 1980ರ ಹೊತ್ತಿಗೆ ಕೆಡವಿದರು. ಜೆಪ್ಪೆಸನ್ ಮುಂದೆ ಹ್ಯೂಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್‌ಸನ್ ಸ್ಟೇಡಿಯಂ ಆಗಿ, 2012ರಲ್ಲಿ ನೆಲಸಮವಾಯಿತು. ಅದೇ ಜಾಗದಲ್ಲಿ ವಿಶ್ವವಿದ್ಯಾಲಯದ ಹೊಸ ಸ್ಟೇಡಿಯಂ 2014ರಲ್ಲಿ ತೆರೆಯಿತು.